ಮಲ್‌ಜಾ ಅಕ್ಕ ಹಂಚಿದ ಪಾಲು

ಹಲ್ಲಿಮ್ ಬಂದರಿನಲ್ಲಿ ಬು ಜೊಂಗ್‌ಪಾಲ್ ಯಾರೆಂದು ಮನುಷ್ಯರನ್ನು ಕೇಳುವ ಅಗತ್ಯವಿಲ್ಲ, ಬಂಗುಡೆ ಮೀನುಗಳನ್ನು ಕೇಳಿದರೂ ಹೇಳುತ್ತವೆ. ನನ್ನ ದೋಣಿ ದಡ ಬಿಟ್ಟ ಸುದ್ದಿ ಹಬ್ಬಿದರೆ ಸಾಕು, ಚೀನಾದ ಕಡೆ ಆಡಿಕೊಂಡಿದ್ದ ಮೀನು ಕೂಡ ಮಕ್ಕಳುಮರಿ ಕಟ್ಟಿಕೊಂಡು ನನ್ನ ಬಲೆಯ ದಾರಿ ಹಿಡಿಯುತ್ತದೆ. ಕೊರಿಯಾದ ಈ ಜೇಜು ದ್ವೀಪದ ಪಡುವಣ ದಡದಲ್ಲಿ ದೋಣಿ ನಡೆಸುವ ನನ್ನಂಥ ತಾಂಡೇಲ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದು ಸಮುದ್ರಕ್ಕೆ ಬಿಟ್ಟ ವಿಚಾರ. ಒಮ್ಮೆ ತೂಫಾನಿಗೆ ದೋಣಿ ಮಗುಚಿ ನಾನು ಈಜಿ ದಡ ಸೇರಿದಾಗ ತುಟಿಯಲ್ಲಿದ್ದ ಸಿಗರೇಟು ಇನ್ನೂ ಉರಿಯುತ್ತಿತ್ತು. ನಂಬಿಕೆ ಬಾರದಿದ್ದರೆ ನನ್ನ ಅಕ್ಕ ಮಲ್‌ಜಾಳನ್ನು ಕೇಳಬಹುದು. ಅವಳೂ ನಂಬುವುದಿಲ್ಲ.

ಈ ಕತೆ ಅವಳದು. ಆದ್ದರಿಂದ ನನ್ನ ಪ್ರತಾಪವನ್ನು ಆದಷ್ಟು ಮಡಿಚಿ ಇಟ್ಟುಕೊಳ್ಳುತ್ತೇನೆ.

ಅಕ್ಕ ಎತ್ತರದಲ್ಲಿ ನನ್ನ ಎದೆಗೂ ಬರುವುದಿಲ್ಲ. ಆದರೆ ಅವಳು ಅಂಗಳದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರೆ ಹಲ್ಲಾ ಬೆಟ್ಟದ ಮೇಲಿನ ಜಿಂಕೆ ತಲೆಯೆತ್ತಿ ನೋಡುತ್ತದೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದು ಕರಿಕಲ್ಲಿನ ಗೋಡೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಒಬ್ಬನೇ ಮಗ ಇಂಚೊನ್‌ನಲ್ಲಿ ಎರಡನೆಯ ಸಂಸಾರ ಹೂಡಿಕೊಂಡು ಹಬ್ಬಕ್ಕೆ ಫೋನು ಮಾಡುವಷ್ಟು ದೂರದವನಾದ. ಅವನ ಮೊದಲ ಹೆಂಡತಿಯ ಮಗ ವೊನ್‌ಗಿಯನ್ನು ಅಕ್ಕ ಸಾಕಿದಳು; ಮುಂದಿನ ಹಲ್ಲು ಬಿದ್ದ ವಯಸ್ಸಿನಲ್ಲಿ ಬಂದವನನ್ನು ಮೀಸೆ ಬರುವ ತನಕ. ವೊನ್‌ಗಿ ಚೀನಾದ ಪ್ರವಾಸಿಗಳ ಬಸ್ಸು ಓಡಿಸುತ್ತಿದ್ದ. ಅವನು ಚೀನೀ ಭಾಷೆ ಮಾತಾಡಿದರೆ ಚೀನಾದವರೇ ತಮ್ಮ ಉಚ್ಚಾರ ತಿದ್ದಿಕೊಳ್ಳುತ್ತಿದ್ದರು. ಆಮೇಲೆ ಯಾವುದೋ ದೊಡ್ಡವರ ಜಗಳಕ್ಕೆ ಚೀನಾದವರು ಬರುವುದನ್ನು ನಿಲ್ಲಿಸಿದರು. ಬಸ್ಸುಗಳು ಶೆಡ್ಡು ಸೇರಿದವು, ವೊನ್‌ಗಿ ಅಕ್ಕನ ಮನೆಯ ಹಿಂದಿನ ಕೋಣೆ ಸೇರಿದ. ಜೊತೆಗೆ ಅವನ ಫೋನು, ಅದರೊಳಗೆ ಕಂಡರಿಯದ ಗೆಳೆಯರು; ಊಟದ ತಟ್ಟೆಯೂ ಆ ಕೋಣೆಗೇ.

ಅಕ್ಕನಿಗೆ ಬೇಕಾಗಿದ್ದು ಒಂದೇ: ಈ ಹುಡುಗ ಕೈತಪ್ಪಿ ಹೋಗಬಾರದು. ಚಳಿಗಾಲದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಅವನು ಗಂಡನ ಮನೆಯವರ ಹೆಸರಿನ ಮುಂದೆ ಮಂಡಿಯೂರಬೇಕು. ಆ ಮನೆಯಲ್ಲಿ ಮಂಡಿಯೂರಲು ಉಳಿದಿದ್ದ ಗಂಡು ಅವನೊಬ್ಬನೇ.

ನಮ್ಮೂರಿನಲ್ಲಿ ಆ ಎಡೆ ಎಲ್ಲ ಮನೆಗಳಲ್ಲೂ ಒಂದೇ ದಿನ ಬರುತ್ತದೆ. ಒಂದೇ ದಿನ ಅಷ್ಟೂ ಜನ ಹೋದದ್ದರಿಂದ. ನಲವತ್ತೆಂಟರ ಚಳಿಗಾಲದಲ್ಲಿ ಸರ್ಕಾರದ ಪಡೆಯವರು ಕೆಂಪು ದಂಗೆಕೋರರೆಂದು ಹೆಸರಿಟ್ಟು ಶಾಲೆಯ ಬಯಲಿಗೆ ಕರೆದುಕೊಂಡು ಹೋಗಿ ಗುಂಡಿಟ್ಟು ಕೊಂದರು. ನನ್ನ ಅಪ್ಪನನ್ನು, ಅಕ್ಕನ ಮಾವನಾಗಬೇಕಾಗಿದ್ದವನನ್ನು, ಅವನ ತಮ್ಮಂದಿರನ್ನು. ಆಗ ನನಗೆ ಒಂದೂವರೆ ವರ್ಷ, ಆದರೆ ನನಗೆ ಎಲ್ಲ ನೆನಪಿದೆ, ಅಪ್ಪನ ಅಂಗಿಯ ಗುಂಡಿಯ ಬಣ್ಣ ಕೂಡ. ಅಕ್ಕನಿಗೆ ಆರು ವರ್ಷ. ಅವಳು ಏನೂ ನೆನಪಿಲ್ಲ ಎನ್ನುತ್ತಾಳೆ.

ಒಂದನ್ನು ಮಾತ್ರ ಅಮ್ಮ ಸಾಯುವವರೆಗೂ ಹೇಳಿದಳು. ಕರೆದುಕೊಂಡು ಹೋಗಲು ದೊಣ್ಣೆ ಹಿಡಿದು ಬಂದವರಲ್ಲಿ ಒಬ್ಬ ಉತ್ತರ ಕೊರಿಯಾದಿಂದ ಮನೆಮಠ ಕಳೆದುಕೊಂಡು ಓಡಿಬಂದಿದ್ದ ಹುಡುಗ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಅವನು ನಮ್ಮ ಬಾಗಿಲಲ್ಲಿ ನಿಂತು ಅನ್ನ ಕೇಳಿದ್ದನಂತೆ. ಅಮ್ಮ ಬಾಗಿಲು ಹಾಕಿಕೊಂಡಿದ್ದಳು. ಊರೇ ಹಾಕಿಕೊಂಡಿತ್ತು. ಆಮೇಲೆ ಇನ್ಯಾರೋ ಅವನನ್ನು ಕರೆದು ಅನ್ನ ಹಾಕಿದರು, ಊಟವಾದ ಮೇಲೆ ಕೈಗೆ ದೊಣ್ಣೆ ಕೊಟ್ಟರು.

ಎರಡು ಸಾವಿರದ ಹದಿನೆಂಟರ ಬೇಸಿಗೆಯಲ್ಲಿ ಯೆಮೆನಿನ ಯುದ್ಧದಿಂದ ತಪ್ಪಿಸಿಕೊಂಡು ಐನೂರು ಚಿಲ್ಲರೆ ಜನ ನಮ್ಮ ದ್ವೀಪಕ್ಕೆ ಬಂದಿಳಿದರು. ಊರಿನ ಬಾಯಲ್ಲಿ ಅದು ಐದು ಸಾವಿರವಾಯಿತು, ನನ್ನ ಬಾಯಲ್ಲಿ ಐವತ್ತು ಸಾವಿರ. ದೋಣಿಗಳಿಗೆ ಆಳು ಬೇಕಾದವರು ಬಂದು ನೋಡಿ ಎಂದು ಸರ್ಕಾರದವರು ನಮ್ಮನ್ನು ಪಟ್ಟಣಕ್ಕೆ ಕರೆಸಿದರು. ಸಾಲಾಗಿ ನಿಂತಿದ್ದ ಹುಡುಗರ ನಡುವೆ ನಾವು ಸಂತೆಗೆ ಹೋದವರಂತೆ ಓಡಾಡಿದೆವು. ಒಬ್ಬನ ಭುಜ ನೋಡಿ ನಾನು ಇವನೇ ಎಂದೆ. ಹೆಸರು ರದ್ಫಾನ್. ಅಂಥ ಭುಜದವನು ಅಲೆಗಳ ನಡುವೆಯೇ ಹುಟ್ಟಿರಬೇಕು ಎಂದುಕೊಂಡಿದ್ದೆ. ವಿಚಾರಿಸಿದರೆ ಬೆಟ್ಟದ ಮೇಲಿನ ಊರಿನ ದರ್ಜಿ. ಸಮುದ್ರವನ್ನು ವಿಮಾನದ ಕಿಟಕಿಯಿಂದ ಬಿಟ್ಟರೆ ಕಂಡವನಲ್ಲ. ಮೊದಲ ದಿನ ಅವನು ದೋಣಿಯ ಅಂಚಿಗೆ ಬಾಗಿ ಹುಟ್ಟಿದಂದಿನಿಂದ ತಿಂದದ್ದನ್ನೆಲ್ಲ ಮೀನುಗಳಿಗೆ ಒಪ್ಪಿಸಿದ. ಆ ವಾರ ನಮ್ಮ ಬಂಗುಡೆ ದುಪ್ಪಟ್ಟು ದಪ್ಪವಿದ್ದವು.

ದೋಣಿಯವರ ಕೊಠಡಿಯಲ್ಲಿ ಮಲಗಲು ಜಾಗ ಇರಲಿಲ್ಲ. ಅಕ್ಕ ಗೋಡೆಯ ಆಚೆಯಿಂದಲೇ ಕೇಳಿಸಿಕೊಂಡು, ತನ್ನ ಅಂಗಳದ ಹೊರಮನೆ ಖಾಲಿ ಬಿದ್ದಿದೆ, ಅಲ್ಲಿರಲಿ ಎಂದಳು. ನಮ್ಮಲ್ಲಿ ಒಂದೇ ಅಂಗಳದಲ್ಲಿ ಎರಡು ಮನೆ, ಎರಡು ಒಲೆ. ಹಿರಿಯರದು ಒಳಮನೆ, ಮದುವೆಯಾದ ಮಗನದು ಹೊರಮನೆ. ಅದು ವೊನ್‌ಗಿಯ ಹೆಂಡತಿ ಬಂದು ಒಲೆ ಹಚ್ಚಬೇಕಾಗಿದ್ದ ಮನೆ. ಅದನ್ನು ನಾನು ಅಕ್ಕನಿಗೆ ನೆನಪಿಸಿದೆ.

"ಹೆಂಡ್ತಿ ಬರ್ಲಿ, ಆಗ ಖಾಲಿ ಮಾಡಿಸೋಣ. ಬಾಗ್ಲು ಹಾಕ್ಕೊಂಡ ಮನೇಲಿ ಒಂದ್ಸಲ ಬೆಳೆದಿದ್ದೀನಿ, ಸಾಕು" ಎಂದಳು ಅಕ್ಕ.

ರದ್ಫಾನ್ ಭಾಷೆ ಕಲಿತ ವೇಗ ನೋಡಿ ಗಿಳಿಗಳು ನಾಚಬೇಕಿತ್ತು. ಆದರೆ ಕಲಿತದ್ದೆಲ್ಲ ಅಕ್ಕನಿಂದ ಮತ್ತು ಅವಳ ಜೊತೆ ಕಡಲಪಾಚಿ ಆರಿಸುವ ಮುದುಕಿಯರಿಂದ. ಹಿರಿಯರನ್ನು ಗಂಡಾಗಲಿ ಹೆಣ್ಣಾಗಲಿ ಸಮ್ಚುನ್ ಎಂದು ಕರೆಯುವುದರಿಂದ ಹಿಡಿದು ಎಲ್ಲವೂ ಅವರದೇ ಧಾಟಿ. ಉಕ್ಕಿನಂಥ ಆ ಗಡ್ಡದ ಹುಡುಗ ಬಲೆ ಎಳೆದು ಮುಗಿಸಿ ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ, ಈ ಮಂಡಿ ಇನ್ನೆಷ್ಟು ಚಳಿಗಾಲ ತಡ್ಕೊಳ್ತದೋ ಸಮ್ಚುನ್" ಎಂದರೆ ಬಂದರಿನಲ್ಲಿ ಕೆಲಸ ನಿಲ್ಲುತ್ತಿತ್ತು. ಪತ್ತೇದಾರರೊಬ್ಬರು ಆಗಾಗ ಬಂದು ಅವನ ಬಗ್ಗೆ ವಿಚಾರಿಸಿಕೊಂಡು ಹೋಗುತ್ತಿದ್ದರು. ಅವರನ್ನೂ ಅವನು ಕೂರಿಸಿ, ಮಲಬದ್ಧತೆಗೆ ಏನು ತಿನ್ನಬೇಕೆಂದು ನಮ್ಮ ಮುದುಕಿಯರಂತೆಯೇ ಹೇಳಿ ಕಳಿಸಿದ.

ಅವನಿಗೂ ಫೋನು ಬರುತ್ತಿತ್ತು. ಊರಿನಲ್ಲಿ ಚಿಕ್ಕಪ್ಪನ ಮಗನೊಬ್ಬ ಬಂದೂಕಿನವರ ಗುಂಪು ಸೇರಿದ್ದ. ನಾವಿಲ್ಲಿ ಸಾಯುತ್ತಿದ್ದೇವೆ, ನೀನು ಪರದೇಶಿಗಳ ಮೀನಿನ ಹೊಟ್ಟೆ ಕುಯ್ಯುತ್ತ ಕೂತಿದ್ದೀಯ, ಗಂಡಸಾದರೆ ಬಾ, ದಾರಿಖರ್ಚು ನಮ್ಮದು ಎಂದು ಹೇಳುತ್ತಿದ್ದನಂತೆ. ಸತ್ತವರ ಚಿತ್ರಗಳನ್ನೂ ಕಳಿಸುತ್ತಿದ್ದ. ಒಂದು ಸಂಜೆ ರದ್ಫಾನ್ ಅಂಗಳಕ್ಕೆ ಬಂದು, ಮುಖ ಬಿಗಿದುಕೊಂಡು, ನಾನು ಹೊರಡುತ್ತೇನೆ ಎಂದ. ಅಕ್ಕ ಕಾರಣ ಕೇಳಲಿಲ್ಲ. ಹೊರಡುವುದಾದರೆ ಹೊರಡು, ಊಟ ಮಾಡಿಕೊಂಡು ಹೊರಡು ಎಂದಳು. ಊಟವಾಯಿತು. ಪಾತ್ರೆ ತೊಳೆದಿಟ್ಟು ಹೋಗು ಎಂದಳು. ತೊಳೆಯುವಷ್ಟರಲ್ಲಿ ಕತ್ತಲಾಯಿತು, ಬೆಳಗಾದ ಮೇಲೆ ನೋಡು ಎಂದಳು. ಹೀಗೆ ನಮ್ಮಲ್ಲಿ ಬೇಸಿಗೆಯ ನಡುವೆಯೇ ಬರುವ ಆ ಮಳೆಗಾಲವೆಲ್ಲ ಅವನು ಯುದ್ಧಕ್ಕೆ ಹೊರಡುತ್ತಲೇ ಇದ್ದ, ಪಾತ್ರೆ ತೊಳೆಯುತ್ತಲೇ ಇದ್ದ. ಕೊನೆಗೊಂದು ದಿನ ಅಕ್ಕ ಕೇಳುವ ಮೊದಲೇ ತಾನೇ ತಟ್ಟೆ ಹಾಕಿಕೊಂಡು ಕೂತು, ಆ ಚಿಕ್ಕಪ್ಪನ ಮಗನ ಕರೆಯನ್ನು ಇನ್ನು ತೆಗೆದುಕೊಳ್ಳುವುದಿಲ್ಲ ಎಂದ. ಅಕ್ಕ ಮೂಲಂಗಿ ಉಪ್ಪಿನಕಾಯಿ ಅವನ ಕಡೆ ಸರಿಸಿದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಪಟ್ಟಣದಿಂದ ಒಬ್ಬ ಟೀಚರಮ್ಮ ಬಂದು ಊರ ಸಭಾಂಗಣದಲ್ಲಿ ಭಾಷಣ ಮಾಡಿದರು. ಹೊರಗಿನಿಂದ ಬಂದ ಯುವಕರು ಕೆಟ್ಟವರ ಕೈಗೆ ಸಿಗದಂತೆ ಊರಿನವರು ಹೇಗೆ ನೋಡಿಕೊಳ್ಳಬೇಕು ಎನ್ನುವುದು ವಿಷಯ. ಹುಡುಗ ಮನೆಯವರ ಜೊತೆ ಊಟ ಬಿಟ್ಟಿದ್ದಾನೆಯೇ, ಹಳೆಯ ಗೆಳೆಯರನ್ನು ದೂರ ಮಾಡಿದ್ದಾನೆಯೇ, ಮಾತೆತ್ತಿದರೆ ನಾವು ಮತ್ತು ಅವರು ಎನ್ನುತ್ತಾನೆಯೇ, ಕಂಡರಿಯದ ಯಾರೋ ಒಬ್ಬನನ್ನು ಫೋನಿನಲ್ಲಿ ಅಣ್ಣ ಎಂದು ಕರೆಯುತ್ತಾನೆಯೇ, ಗಮನಿಸಿ ಎಂದರು. ಇಡೀ ಸಭಾಂಗಣ ರದ್ಫಾನನ ಕಡೆ ತಿರುಗಿತು. ಅವನು ಕೆಟಲು ಹಿಡಿದು ಮುದುಕಿಯರಿಗೆ ಬಾರ್ಲಿ ಚಹಾ ಬಗ್ಗಿಸುತ್ತಿದ್ದ. ನಾನು ಮಾತ್ರ ಅಕ್ಕನನ್ನು ನೋಡಿದೆ. ಅವಳ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗುವ ದಾರಿಯಲ್ಲಿ ನಿಂತುಬಿಟ್ಟಿತ್ತು.

ಮನೆಗೆ ನಡೆದು ಬಂದೆವು. ಗೋಡೆಯ ಹತ್ತಿರ ಬಂದ ಮೇಲೆ ಕೇಳಿದಳು: "ಜೊಂಗ್‌ಪಾಲ್, ಆಯಮ್ಮ ಹೇಳಿದ್ದೆಲ್ಲ ನಮ್ಮ ವೊನ್‌ಗಿ ಅಲ್ವೇನೋ?"

ನಾನು ದೊಡ್ಡದಾಗಿ ನಕ್ಕು, ವೊನ್‌ಗಿಯ ಅಜ್ಜನ ರಕ್ತ ಹರಿಯುವ ಮೈಯಲ್ಲಿ ಅಂಥದ್ದೆಲ್ಲ ನಿಲ್ಲುವುದಿಲ್ಲ, ಸಮುದ್ರಕ್ಕೆ ಹಾಕಿದರೆ ಮೂರು ದಿನಕ್ಕೆ ತೊಳೆದುಹೋಗುತ್ತದೆ ಎಂದೆ. ಅವಳು ಹಾಗಾದರೆ ಹಾಕು ಎಂದಳು.

ಮರುದಿನವೇ ವೊನ್‌ಗಿಯನ್ನು ದೋಣಿಗೆ ಹತ್ತಿಸಿಕೊಂಡೆ. ಹೇಗೆ ಒಪ್ಪಿಸಿದಳೋ ಅಕ್ಕನಿಗೇ ಗೊತ್ತು. ಅವನು ಒಂದು ತುದಿಯಲ್ಲಿ, ರದ್ಫಾನ್ ಇನ್ನೊಂದು ತುದಿಯಲ್ಲಿ. ವೊನ್‌ಗಿ ಅವನ ಮುಖ ನೋಡುತ್ತಿರಲಿಲ್ಲ, ನನ್ನ ಮೂಲಕವೇ ಮಾತು. ಸಮ್ಚುನ್, ಆ ಹಗ್ಗ ಬಿಡೋಕೆ ಹೇಳಿ ಅವ್ನಿಗೆ. ನಾನು ರದ್ಫಾನನಿಗೆ ಹೇಳುವುದು, ರದ್ಫಾನ್ ನನಗೆ ಉತ್ತರ ಕೊಡುವುದು, ನಾನು ವೊನ್‌ಗಿಗೆ ಮುಟ್ಟಿಸುವುದು. ಎರಡು ದೇಶಗಳ ನಡುವಿನ ರಾಯಭಾರಿ ಕೂಡ ಅಷ್ಟು ಮಾತಾಡಿರಲಾರ.

ಆದರೆ ಒಂದು ದಿನ ಬೊಂಡಾಸ್ ಹಿಂಡು ಸಿಕ್ಕಿತು. ಅಂಥ ಹಿಂಡನ್ನು ನಾನೂ ಕಂಡಿರಲಿಲ್ಲ. ಸಮುದ್ರಕ್ಕೆ ಕಾಲಿಟ್ಟಿದ್ದರೆ ಅವುಗಳ ಬೆನ್ನ ಮೇಲೆ ನಡೆದುಕೊಂಡೇ ಜಪಾನಿಗೆ ಹೋಗಬಹುದಿತ್ತು. ಎಳೆದು ಎಳೆದು ಮೂವರ ಕೈಗಳೂ ಸೋತವು. ಒಂದು ಬೊಂಡಾಸ್ ಹಾರಿ ರದ್ಫಾನನ ಮುಖದ ಮೇಲೆ ಮಸಿ ಉಗಿಯಿತು. ಗಡ್ಡದಿಂದ ಮಸಿ ತೊಟ್ಟಿಕ್ಕುತ್ತಿರುವಾಗ ಅವನು ಥೇಟ್ ನಮ್ಮ ಮುದುಕಿಯರ ಹಾಗೆ, ಇದರ ವಂಶ ಹಾಳಾಗ, ಇದರ ಒಲೆಗೆ ನೀರು ಬೀಳ ಎಂದು ಶಪಿಸಿದ. ವೊನ್‌ಗಿ ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ನಕ್ಕು ನಕ್ಕು ಕೂತುಬಿಟ್ಟ. ಆಮೇಲೆ ತಾನೇ ಅವನ ಕಡೆ ತಿರುಗಿ, "ಮುದುಕೀರು ಬೈಯೋದು ಹಂಗೆ. ಗಂಡಸ್ರು ಬೈಯೋದು ಬೇರೆ ಇದೆ, ಬಾ ಹೇಳ್ಕೊಡ್ತೀನಿ" ಎಂದ. ದಡ ಮುಟ್ಟುವವರೆಗೂ ಪಾಠ ನಡೆಯಿತು. ರದ್ಫಾನ್ ಅವನನ್ನು ಅಣ್ಣ ಎಂದು ಕರೆದ. ಬಂದರಿನಲ್ಲಿ ಯಾರೋ ಇಬ್ಬರ ಚಿತ್ರ ತೆಗೆದರು, ಹೆಗಲ ಮೇಲೆ ಕೈ, ನಡುವೆ ಬೊಂಡಾಸ್ ಬುಟ್ಟಿ. ಆ ಸಂಜೆ ವೊನ್‌ಗಿ ಅಕ್ಕನ ಎದುರು ಕೂತು ಊಟ ಮಾಡಿದ. ಅಕ್ಕ ಗೋಡೆಯ ಆಚೆಯಿಂದ ನನಗೆ ಒಂದು ಬಾಟಲಿ ಸೋಜು ದಾಟಿಸಿದಳು. ಅವಳಿಂದ ಸೋಜು ಬಂದದ್ದು ಅದೇ ಮೊದಲು. ಪ್ರಪಂಚವನ್ನು ನಾನೇ ರಿಪೇರಿ ಮಾಡಿದೆ ಎನ್ನುವ ಹಾಗೆ ಕುಡಿದೆ.

ಆ ಚಿತ್ರ ವೊನ್‌ಗಿಯ ಫೋನಿನ ಗೆಳೆಯರಿಗೂ ಸಿಕ್ಕಿತು.

ಅವರು ಏನೇನು ಬರೆದರೋ ನನಗೆ ಪೂರ್ತಿ ಗೊತ್ತಿಲ್ಲ. ದ್ವೀಪ ಮಾರಿಕೊಂಡವನು ಎಂದರಂತೆ, ಗಡ್ಡದವನ ಹೆಂಡತಿ ಎಂದರಂತೆ. ವೊನ್‌ಗಿ ಮೊದಲು ಅವರೊಡನೆ ಜಗಳವಾಡಿದ. ಇಡೀ ದಿನ ಫೋನಿನಲ್ಲಿ ಬೆರಳು ಕುಟ್ಟುತ್ತಿದ್ದ. ಆಮೇಲೆ ಒಬ್ಬ ಮಾತ್ರ ಬೈಯದೆ, ಸಮಾಧಾನದಲ್ಲಿ ಫೋನು ಮಾಡತೊಡಗಿದ. ರಾಜಧಾನಿ ಸೋಲ್ ಕಡೆಯವನು. ಊಟ ಆಯ್ತಾ ಎಂದು ಕೇಳುತ್ತಿದ್ದ, ಕೆಲಸ ಹೋದ ಕತೆಯನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದ, ನಿನ್ನಂಥ ಬುದ್ಧಿವಂತ ಹಳ್ಳಿಯಲ್ಲಿ ಕೊಳೆಯಬಾರದು ಎನ್ನುತ್ತಿದ್ದ. ವೊನ್‌ಗಿ ಅವನನ್ನು ಅಣ್ಣ ಎನ್ನುತ್ತಿದ್ದ. ದೋಣಿಗೆ ಬರುವುದು ತಪ್ಪತೊಡಗಿತು. ಪಟ್ಟಣದಲ್ಲಿ ನಿರಾಶ್ರಿತರ ವಿರುದ್ಧ ಮೆರವಣಿಗೆ ಎಂದು ಹೋಗಿ ಗಂಟಲು ಒಡೆದುಕೊಂಡು ಬರುತ್ತಿದ್ದ. ಅವರಿಗೆ ಮನೆ ಸಿಗುತ್ತದೆ, ಕೆಲಸ ಸಿಗುತ್ತದೆ, ನಮ್ಮವರಿಗಿಂತ ಎಲ್ಲವೂ ಹೆಚ್ಚು ಎಂದು ಊಟದ ಹೊತ್ತಿನಲ್ಲಿ ಹೇಳಿದರೆ ಅಕ್ಕ, ಹೆಚ್ಚು ಸಿಗುತ್ತಿರುವುದು ನೆಗಡಿ ಒಂದೇ, ಪಾಪ ಆ ಹೊರಮನೆಯ ಗಾಳಿ ನೋಡು ಎಂದು ತಮಾಷೆ ಮಾಡುತ್ತಿದ್ದಳು. ಆದರೆ ಅವಳು ನಿದ್ದೆ ಮಾಡುತ್ತಿರಲಿಲ್ಲ. ಎಡೆಯ ದಿನದ ಮೇಲೆ ಎಲ್ಲ ಭಾರ ಹಾಕಿದ್ದಳು. ಹಿರಿಯರ ಮುಂದೆ ಒಮ್ಮೆ ಮಂಡಿಯೂರಿದ ಹುಡುಗ ಅಲ್ಲಿಂದ ಎದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳ ಲೆಕ್ಕ.

ಎಡೆಯ ದಿನ ಬಂತು. ಹಿಂದೆ ನಡುರಾತ್ರಿ ಮಾಡುತ್ತಿದ್ದೆವು. ಈಗ ಸಂಜೆ ದೀಪ ಹಚ್ಚುವ ಹೊತ್ತಿಗೇ ಮುಗಿಸುತ್ತೇವೆ. ಮಧ್ಯಾಹ್ನದಿಂದಲೇ ಊರಿನ ಪ್ರತಿ ಮನೆಯಿಂದಲೂ ಮೀನು ಸುಡುವ ಹೊಗೆ. ಎಲ್ಲ ಮನೆಯಲ್ಲೂ ಸತ್ತವರಿರುವುದರಿಂದ ಆ ದಿನ ಯಾರೂ ಯಾರ ಮನೆಗೂ ಅತಿಥಿಯಲ್ಲ. ನಾನು ನನ್ನ ಮನೆಯ ಎಡೆಗಿಂತ ಮೊದಲು ಅಕ್ಕನಲ್ಲಿಗೆ ಹೋದೆ.

ವೊನ್‌ಗಿ ಬಂದಿದ್ದ. ಬಿಳಿ ಅಂಗಿ ತೊಟ್ಟು, ಕೂದಲು ಬಾಚಿಕೊಂಡು. ಮುತ್ತಜ್ಜನ ಹೆಸರು ಓದಿ, ಸೋಜು ಎರೆದು, ಹಣೆ ನೆಲಕ್ಕೆ ಮುಟ್ಟಿಸಿದ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ಇದರಲ್ಲಿ ಒಂದು ಚೂರೂ ಸೇರಿಸಿ ಹೇಳುತ್ತಿಲ್ಲ. ರದ್ಫಾನ್ ಅವನ ಧರ್ಮದಂತೆ ಮಂಡಿಯೂರುವಂತಿಲ್ಲ. ಜಗಲಿಯ ಕೊನೆಯಲ್ಲಿ ತಲೆ ತಗ್ಗಿಸಿ ಕೂತಿದ್ದ.

ಎಡೆ ಇಳಿಸಿದ ಮೇಲೆ ಪಾಲು ಹಂಚುವುದು ನಮ್ಮಲ್ಲಿ ನಮಸ್ಕಾರಕ್ಕಿಂತ ದೊಡ್ಡ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ, ಎಲ್ಲವೂ ಸಮ. ತೊಂಬತ್ತರ ಮುದುಕನಿಗೆ ಎಷ್ಟೋ ತೊಟ್ಟಿಲ ಕೂಸಿಗೂ ಅಷ್ಟೇ. ತಟ್ಟೆ ಕೊಡದಿದ್ದರೆ ನೀನು ಮನುಷ್ಯನಲ್ಲ ಎಂದ ಹಾಗೆ. ಯಾರಿಗೋ ಒಂದು ತುಂಡು ಹೆಚ್ಚು ಹೋಯಿತೆಂದು ಎರಡು ಮನೆಗಳು ಮೂರು ತಲೆಮಾರು ಮಾತು ಬಿಟ್ಟಿದ್ದವು. ಆ ಎರಡರಲ್ಲಿ ಒಂದು ನಮ್ಮದೇ.

ಅಕ್ಕ ತಟ್ಟೆಗಳನ್ನು ಸಾಲಾಗಿಟ್ಟಳು. ಜರಿಗಿಡದ ಚಿಗುರಿನ ಪಲ್ಯ, ಕರಿದ ತೋಫು, ಬೇಕರಿಯ ಕೇಕಿನ ತುಂಡು, ಕಿತ್ತಳೆ. ಆಮೇಲೆ ಕಡ್ಡಿಗೆ ಚುಚ್ಚಿ ಸುಟ್ಟ ಹಂದಿಮಾಂಸ. ರದ್ಫಾನನ ತಟ್ಟೆಗೆ ಬಂದಾಗ ಕೈ ನಿಂತಿತು. ಅವನು ಹಂದಿ ಮುಟ್ಟುವುದಿಲ್ಲ. ಹಾಗೆಂದು ಹಿರಿಯರ ಪಾಲಿನ ತಟ್ಟೆಯಲ್ಲಿ ಖಾಲಿ ಜಾಗ ಬಿಟ್ಟು ಕೊಡುವುದು ನಮ್ಮೂರಿನ ಹೆಂಗಸಿನ ಕೈಯಲ್ಲಿ ಆಗುವ ಕೆಲಸವಲ್ಲ. ಎಡೆಯ ನಡುವೆ ಒಂದೇ ಒಂದು ಓಕ್ದೋಮ್ ಮೀನು ಇತ್ತು, ಕೆಂಪಗೆ, ಇಡಿಯಾಗಿ ಸುಟ್ಟದ್ದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮೀನಿಲ್ಲ. ಅಕ್ಕ ಅದನ್ನು ಎತ್ತಿ ಆ ಖಾಲಿ ಜಾಗದಲ್ಲಿ ಇಟ್ಟಳು. ತಟ್ಟೆ ತುಂಬಿತು. ಅವಳಿಗೆ ಅದು ಸರಿಹೋಯಿತು.

ವೊನ್‌ಗಿ ಹಲ್ಲು ಬಿದ್ದ ಹುಡುಗನಾಗಿ ಆ ಮನೆಗೆ ಬಂದ ಮೊದಲ ಚಳಿಗಾಲದಿಂದ ಆ ಮೀನಿನ ಮುಳ್ಳು ಬಿಡಿಸಿ ಅವನ ಬಾಯಿಗೆ ಇಡುತ್ತಿದ್ದವಳು ಅಕ್ಕನೇ. ಎಲ್ಲರ ಪಾಲೂ ಸಮ, ಮೀನು ಮಾತ್ರ ವೊನ್‌ಗಿಯದು ಎನ್ನುವುದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದ ಸಂಗತಿ.

ಅವನು ತನ್ನ ತಟ್ಟೆ ನೋಡಿದ. ಜಗಲಿಯ ಕೊನೆಯ ತಟ್ಟೆ ನೋಡಿದ.

"ಹಲ್ಮಾಂಗ್, ಅವ್ನಿಗೆ ಎಷ್ಟು ಕೊಟ್ಟೆ?" ಎಂದು ಅಜ್ಜಿಯನ್ನು ಕೇಳಿದ.

"ಎಲ್ರಿಗೂ ಒಂದೇ ಕಣೋ."

"ಒಂದೇನಾ? ಸರಿಯಾಗಿ ನೋಡಿ ಹೇಳು."

ಅಕ್ಕ ಆಗ ನೋಡಿದಳು. ರದ್ಫಾನ್ ಅವಸರದಲ್ಲಿ ತನ್ನ ತಟ್ಟೆಯನ್ನು ಜಗಲಿಯುದ್ದಕ್ಕೂ ಜಾರಿಸಿ, ಅಣ್ಣಾ, ನೀನು ತಿನ್ನು, ನನಗೆ ಪಲ್ಯ ಸಾಕು ಎಂದ.

"ನೋಡಿದ್ಯಾ" ಎಂದ ವೊನ್‌ಗಿ. "ನಮ್ಮನೆ ಮೀನನ್ನ ನಂಗೇ ದಾನ ಮಾಡ್ತಾನೆ."

ನಾನು ಏನೋ ಜೋಕು ಹೊಡೆಯಲು ಬಾಯಿ ತೆರೆದೆ. ವೊನ್‌ಗಿ ನನ್ನ ಕಡೆ ತಿರುಗಲೇ ಇಲ್ಲ. ಅವನ ದನಿ ಏರಿರಲಿಲ್ಲ, ಅದೇ ಭಯವಾಗುತ್ತಿತ್ತು.

"ಅವ್ರೆಲ್ಲ ನಂಗೆ ಹೇಳ್ದಾಗ ನಾನು ಜಗಳ ಆಡಿದ್ದೆ, ಹಲ್ಮಾಂಗ್. ಅವ್ರಿಗೆ ಹೆಚ್ಚು, ನಮಗೆ ಕಮ್ಮಿ ಅಂದ್ರು. ನಮ್ಮನೇಲಿ ಹಂಗಿಲ್ಲ, ನಮ್ಮ ಹಲ್ಮಾಂಗ್ ತಕ್ಕಡಿ ಇದ್ದಂಗೆ ಅಂದಿದ್ದೆ."

ತಟ್ಟೆಯನ್ನು ನೆಲದ ಮೇಲಿಟ್ಟು ಕೋಟು ತೊಟ್ಟುಕೊಂಡ. ಅಕ್ಕ ಬರಿಗಾಲಲ್ಲಿ ಅಂಗಳ ದಾಟಿ, ರಸ್ತೆಯ ತನಕ ಅವನ ತೋಳು ಹಿಡಿದುಕೊಂಡು ಹೋದಳು. ಮೀನನ್ನು ಅರ್ಧ ಮಾಡುತ್ತೇನೆ, ಮೂರು ಪಾಲು ಮಾಡುತ್ತೇನೆ, ನೀನೇ ಚಾಕು ಹಿಡಿ ಎಂದು ಹೇಳುತ್ತಲೇ ಇದ್ದಳು. ಅವನು ತೋಳನ್ನು ಮೆಲ್ಲಗೆ ಬಿಡಿಸಿಕೊಂಡು ಬಸ್ಸು ಹತ್ತಿದ. ಆ ಫೋನಿನ ಅಣ್ಣನ ಹತ್ತಿರ ಸೋಲ್‌ಗೆ ಹೋದನೆಂದು ಎರಡು ದಿನವಾದ ಮೇಲೆ ತಿಳಿಯಿತು.

ಅಕ್ಕ ಆ ಚಳಿಗಾಲ ಅವನಿಗೆ ಫೋನು ಮಾಡಿದಳು, ಮಾಡಿದಳು, ಮಾಡಿದಳು. ಹಲ್ಲಿಮ್‌ನಿಂದ ಸೋಲ್‌ಗೆ ಹೋಗುವ ತಂತಿ ಕಾದು ಕೆಂಪಾಗುವಷ್ಟು. ವಸಂತದಲ್ಲಿ ಒಮ್ಮೆ ಎತ್ತಿದ. ಆ ಹೊರಮನೆಯಲ್ಲಿ ಅವನಿರುವವರೆಗೆ ನಾನು ಬರುವುದಿಲ್ಲ, ಅವನು ಹೋದರೆ ಬರುತ್ತೇನೆ ಎಂದ. ಅಷ್ಟೇ ಹೇಳಿ ಇಟ್ಟ.

ಅವಳು ಗೋಡೆಯ ಹತ್ತಿರ ಬಂದು ನನಗೆ ಅದನ್ನು ಹೇಳಿದಾಗ ನಾನು ಎಗರಾಡಿದೆ. ರದ್ಫಾನನನ್ನು ಹೊರಗೆ ಹಾಕುವುದಾದರೆ ನನ್ನ ದೋಣಿಯನ್ನು ಸುಟ್ಟು ಹಾಕುತ್ತೇನೆ, ಸಮುದ್ರವನ್ನೇ ಬಿಟ್ಟು ಬೆಟ್ಟದಲ್ಲಿ ಕುದುರೆ ಕಾಯುತ್ತೇನೆ ಎಂದೆ. ಅಮ್ಮ ಬಾಗಿಲು ಹಾಕಿಕೊಂಡ ಕತೆ ನೆನಪಿಸಿದೆ.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. "ನಿಂಗೆ ಮಕ್ಕಳಿದ್ದಾರೆ ಜೊಂಗ್‌ಪಾಲ್. ಮೊಮ್ಮಕ್ಕಳಿದ್ದಾರೆ" ಎಂದಳು. "ನಂಗೆ ಇವ್ನೊಬ್ನೇ."

ನಾನು ದೋಣಿ ನೋಡುವ ನೆಪ ಹೇಳಿ ಬಂದರಿಗೆ ಹೊರಟೆ.

ರದ್ಫಾನನಿಗೆ ಹೇಳಲು ಅವಳಿಂದಾಗಲಿಲ್ಲ. ಮೂರು ಸಂಜೆ ಹೊರಮನೆಯ ಬಾಗಿಲವರೆಗೆ ಹೋಗಿ, ಬಟ್ಟಲಲ್ಲಿ ಏನಾದರೂ ಕೊಟ್ಟು ಹಿಂತಿರುಗಿದಳು. ನಾಲ್ಕನೆಯ ಸಂಜೆ ಅವನೇ ಪಾತ್ರೆ ತೊಳೆಯುತ್ತ, ಅವಳ ಕಡೆ ಬೆನ್ನು ಹಾಕಿಕೊಂಡು, ಮೊಕ್ಪೋ ಬಂದರಿನಲ್ಲಿ ಹಡಗು ಕಟ್ಟುವ ಕಡೆ ಒಳ್ಳೆಯ ಕೆಲಸ ಸಿಕ್ಕಿದೆ, ನಮ್ಮೂರಿನವರೂ ಅಲ್ಲಿದ್ದಾರೆ, ಹೋಗಿ ನೋಡಲೇ ಸಮ್ಚುನ್ ಎಂದು ಕೇಳಿದ. ಅಕ್ಕ ತೊಳೆದ ತಟ್ಟೆಯೊಂದನ್ನು ಒರೆಸಿಟ್ಟು, ಹೋಗು ಎಂದಳು.

ಅವನಿಗೆ ಯಾವ ಕೆಲಸವೂ ಸಿಕ್ಕಿರಲಿಲ್ಲ. ನಡೆದದ್ದನ್ನು ಅವನು ಹೇಗೋ ತಿಳಿದುಕೊಂಡಿದ್ದ; ಕಲ್ಲಿನ ಗೋಡೆಯ ಮೇಲೆ ಕೂಗಾಡಿದವನ ದನಿ ಚಿಕ್ಕದಲ್ಲವಲ್ಲ. ಮರುದಿನ ಬಂದರಿನಲ್ಲಿ ಅವನು ನನ್ನ ಮುಂದೆ ನಿಂತು, ಮೊಕ್ಪೋದಲ್ಲಿ ಯಾರಾದರೂ ಗೊತ್ತೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಮೊಕ್ಪೋದಲ್ಲಿ ನನ್ನನ್ನು ಅರಿಯದವರು ಸಮಾಧಿಯಲ್ಲಿರುವವರು ಮಾತ್ರ ಎಂದು ಹೇಳಿ, ಇಡೀ ಮಧ್ಯಾಹ್ನ ಫೋನು ಮಾಡಿದೆ. ಬೆಸುಗೆಯ ಕೆಲಸವೊಂದು ಸಿಕ್ಕಿತು. ಹಡಗಿಗೆ ಅವನನ್ನು ಬಿಡಲು ನಾನೊಬ್ಬನೇ ಹೋದೆ. ಅವನು ಹೊರಮನೆಯ ನೆಲ ಒರೆಸಿ, ಹಾಸಿಗೆ ಮಡಿಚಿ, ಅಕ್ಕನ ಹರಿದ ಚಳಿಯಂಗಿಗೆ ಹೊಸ ಅಸ್ತರು ಹೊಲಿದಿಟ್ಟು ಬಂದಿದ್ದ. ಅಕ್ಕ ಅದನ್ನು ಇನ್ನೂ ತೊಟ್ಟಿಲ್ಲ.

ಅವನು ಹೋದನೆಂದು ಅಕ್ಕ ವೊನ್‌ಗಿಗೆ ತಿಳಿಸಿದಳು. ಈ ಸಲ ಅವನು ಕೂಡಲೇ ಎತ್ತಿದ. ಭಾನುವಾರ ಬರುತ್ತೇನೆ ಎಂದ.

ಭಾನುವಾರ ಅವಳು ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿದಳು. ಅವಳು ಬೇಯಿಸಿದ್ದನ್ನು ಉಣ್ಣಲು ಒಂದು ದಂಡು ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಕಾರು ಬಂತು. ವೊನ್‌ಗಿ ಇಳಿದ, ಹಿಂದೆ ಕ್ಯಾಮೆರಾ ಹಿಡಿದ ಒಬ್ಬ, ಅವನ ಹಿಂದೆ ಅಣ್ಣ. ಕೊಂಬಿನ ರಾಕ್ಷಸನನ್ನು ನಾನು ನಿರೀಕ್ಷಿಸಿದ್ದೆ. ಬಂದವನು ಚೊಕ್ಕಟವಾದ ಹುಡುಗ, ಮೂವತ್ತು ದಾಟಿರಲಾರದು. ಜಿನ್ಸೆಂಗ್ ಬೇರಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಅಕ್ಕನಿಗೆ ಕೊಟ್ಟು, ಸೊಂಟ ಬಗ್ಗಿಸಿ, ಅಮ್ಮಾ ಎಂದ.

ವೊನ್‌ಗಿ ಒಳಮನೆಗೆ ಕಾಲಿಡಲಿಲ್ಲ. ನೇರವಾಗಿ ಹೊರಮನೆಗೆ ಹೋಗಿ ಬಾಗಿಲು ತೆಗೆದು ಖಾಲಿ ಕೋಣೆಯನ್ನು ಕ್ಯಾಮೆರಾಕ್ಕೆ ತೋರಿಸಿದ. ಇದು ನನ್ನ ಮನೆ, ಇಲ್ಲಿ ಅವರಲ್ಲೊಬ್ಬ ಇದ್ದ, ಈಗಿಲ್ಲ, ಒಂದು ಊರು ಶುದ್ಧವಾಯಿತು, ನಿಮ್ಮೂರಿನಲ್ಲೂ ಇದು ಸಾಧ್ಯ ಎಂದು ನಿಂತು ಹೇಳಿದ. ಬಸ್ಸಿನಲ್ಲಿ ಪ್ರವಾಸಿಗಳಿಗೆ ಮಾತಾಡಿ ಪಳಗಿದ ಗಂಟಲು, ಒಂದು ಕಡೆಯೂ ತಡವರಿಸಲಿಲ್ಲ. ಆಮೇಲೆ ಅಕ್ಕನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. ಅವನಿದ್ದಾಗ ನಿನಗೆ ಹೆದರಿಕೆ ಆಗುತ್ತಿತ್ತು ಎಂದು ಹೇಳು ಹಲ್ಮಾಂಗ್ ಎಂದ.

ಗೋಡೆಯ ಈಚೆ ನಿಂತಿದ್ದ ನಾನು ಹಾರಿ ಹೋಗಬೇಕಿತ್ತು. ಇಪ್ಪತ್ತು ವರ್ಷ ಚಿಕ್ಕವನಾಗಿದ್ದರೆ ಆ ಮೂವರನ್ನೂ ಕಾರಿನ ಸಮೇತ ಸಮುದ್ರಕ್ಕೆ ಎಸೆಯುತ್ತಿದ್ದೆ. ಆದರೆ ಅಕ್ಕ ಗೋಡೆಯ ಕಡೆ ಒಮ್ಮೆ ನೋಡಿದಳು. ನಾನು ಅಲ್ಲೇ ನಿಂತೆ.

ಅವಳು ಕ್ಯಾಮೆರಾ ನೋಡಲಿಲ್ಲ. ವೊನ್‌ಗಿಯ ಕತ್ತಿನ ಪಟ್ಟಿ ಮಡಿಚಿಕೊಂಡಿತ್ತು, ಅದನ್ನು ಸರಿಮಾಡುತ್ತ, ಹೂಂ, ತುಂಬ ಹೆದರಿಕೆ ಇತ್ತು ಎಂದಳು.

ಕ್ಯಾಮೆರಾದವನು ಹೆಬ್ಬೆರಳೆತ್ತಿದ. ಊಟಕ್ಕೆ ಏಳಿ ಎಂದು ಅವಳು ಹೇಳುತ್ತಿದ್ದಂತೆ ಅಣ್ಣ ಗಡಿಯಾರ ನೋಡಿಕೊಂಡ. ಸಂಜೆಯೊಳಗೆ ವಿಮಾನ, ಅದಕ್ಕೂ ಮೊದಲು ಇನ್ನೆರಡು ಊರು. ವೊನ್‌ಗಿ, ಮುಂದಿನ ಸಲ ಹಲ್ಮಾಂಗ್, ಈಗ ಕೆಲಸ ಜಾಸ್ತಿ ಎಂದು ಕಾರು ಹತ್ತಿದ. ಅವನ ಮುಖದಲ್ಲಿ ನಾಚಿಕೆ ಹುಡುಕಿದೆ. ಇದ್ದದ್ದು ಸಂತೋಷ, ಬಹಳ ಕಾಲದ ಮೇಲೆ ಕೆಲಸ ಸಿಕ್ಕಿದವನ ಸಂತೋಷ.

ಆ ವಿಡಿಯೊವನ್ನು ಲಕ್ಷಾಂತರ ಜನ ನೋಡಿದ್ದಾರಂತೆ. ಈ ಒಂದು ಲೆಕ್ಕಕ್ಕೆ ನಾನು ಸೊನ್ನೆ ಸೇರಿಸಿಲ್ಲ. ಊರಿನಲ್ಲಿ ಅಕ್ಕನ ಜೊತೆ ಕಡಲಪಾಚಿ ಆರಿಸುತ್ತಿದ್ದ ಮುದುಕಿಯರು ಈಗ ಸ್ವಲ್ಪ ದೂರ ಕೂರುತ್ತಾರೆ. ಕಳೆದ ಎಡೆಗೆ ಅವಳ ಮನೆಯಲ್ಲಿ ಮಂಡಿಯೂರಲು ಯಾರೂ ಇರಲಿಲ್ಲ. ಅವಳೇ ಹೆಸರು ಓದಿ, ಸೋಜು ಎರೆದು, ಒಂದೇ ತಟ್ಟೆ ಹಾಕಿಕೊಂಡಳಂತೆ. ರದ್ಫಾನ್ ಮೊಕ್ಪೋದಿಂದ ನನಗೆ ಫೋನು ಮಾಡುತ್ತಾನೆ, ಒಳಮನೆಯ ಸಮ್ಚುನ್‌ನ ಮಂಡಿ ಹೇಗಿದೆ ಎಂದು ಕೇಳುತ್ತಾನೆ. ಅಕ್ಕನಿಗೆ ಕೊಡಲೇ ಎಂದರೆ ಬೇಡ ಎನ್ನುತ್ತಾನೆ.

ಅಕ್ಕ ಮಧ್ಯಾಹ್ನದ ಹೊತ್ತು ನನ್ನ ಜಗಲಿಗೆ ಬಂದು ಕೂರುತ್ತಾಳೆ. ಅವಳ ಹಳೆಯ ಫೋನಿನಲ್ಲಿ ವಿಡಿಯೊ ಬರುವುದಿಲ್ಲ, ನನ್ನದರಲ್ಲಿ ಹಾಕಿಕೊಡಬೇಕು. ಸದ್ದು ಬೇಡ ಎನ್ನುತ್ತಾಳೆ. ಸದ್ದು ತೆಗೆದು ಹಾಕುತ್ತೇನೆ. ವೊನ್‌ಗಿ ಬಾಗಿಲು ತೆಗೆಯುತ್ತಾನೆ, ಕೈಯಾಡಿಸುತ್ತ ಏನೋ ಹೇಳುತ್ತಾನೆ, ಅವಳು ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ.

"ಇಲ್ಲಿ ನಿಲ್ಸು" ಎನ್ನುತ್ತಾಳೆ ಅಕ್ಕ. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಗಾಜನ್ನು ಒರೆಸುತ್ತಾಳೆ. "ಕೆನ್ನೆ ಇಳಿದಿದೆ ನೋಡು ಅವನ್ದು. ಇಳಿದಿದೆ ಅಲ್ವಾ?"

ಇಲ್ಲ ಅಕ್ಕ, ಬೆಳಕು ಹಾಗಿದೆ ಎನ್ನುತ್ತೇನೆ. ಅವಳು ಮತ್ತೆ ಮೊದಲಿನಿಂದ ಹಾಕು ಎನ್ನುತ್ತಾಳೆ.